ಹೂವಿನ ವ್ಯಾನಿನವನ ಕ್ಯಾಮೆರಾ

ಅವನ ಬಲಗೈ ಒಂದು ಬಣ್ಣ, ಎಡಗೈ ಇನ್ನೊಂದು ಬಣ್ಣ. ಬಲಗೈ ದಿನವಿಡೀ ವ್ಯಾನಿನ ಕಿಟಕಿಯ ಮೇಲೆ ಬಿಸಿಲಿಗೆ ಬಿದ್ದಿರುತ್ತಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಗೇರುಬೀಜದ ಸಿಪ್ಪೆಯಂತೆ ಕಪ್ಪು. ಎಡಗೈ ಮಾತ್ರ ಗುಮಾಸ್ತನ ಕೈಯ ಹಾಗೆ ಬೆಳ್ಳಗೆ. "ಊಟಕ್ಕೆ ಕೂತ್ರೆ ಬೇರೆ ಯಾರ್ದೋ ಕೈ ಬಂದು ನಮ್ಮ ಬಟ್ಲಿಗೆ ಬಿದ್ದ ಹಾಗೆ ಕಾಣ್ತದೆ" ಎಂದು ಅವನ ಹೆಂಡತಿಯೇ ನಗುತ್ತಿದ್ದಳು.

ನಾನು, ನನ್ನ ತಂಗಿ ಇಬ್ಬರೂ ಹೂವಿನವರು. ಊರು ಕಾಯ್ಕಿಣಿ. ಭಟ್ಕಳದ ಮಲ್ಲಿಗೆಯನ್ನು ಹೊನ್ನಾವರ, ಕುಮಟಾ ಪೇಟೆಯಲ್ಲಿ ಮಾರಿ ಮಕ್ಕಳನ್ನು ಸಾಕಿದವರು. ಬೆಳಿಗ್ಗೆ ಕೊಯ್ದ ಮೊಗ್ಗು ಬಾಳೆಎಲೆಯ ಕಟ್ಟಿನಲ್ಲಿ ಅವನ ವ್ಯಾನು ಹತ್ತುತ್ತಿತ್ತು. ಅದರ ಜೊತೆ ನಾವು ನಾಲ್ಕೈದು ಹೆಂಗಸರು. ಓಡುವ ವ್ಯಾನಿನಲ್ಲೇ ಬಾಳೆನಾರಿನಲ್ಲಿ ಹೂ ಕಟ್ಟುವುದು. ಮಂಕಿ ದಾಟುವಾಗ ಒಂದು ದಂಡೆ, ಶರಾವತಿ ಸೇತುವೆ ದಾಟುವಾಗ ಇನ್ನೊಂದು. ನನಗೆ ಹಿಂದೆ ಕೂತರೆ ವಾಂತಿ. ಅದಕ್ಕೆ ಮುಂದಿನ ಸೀಟು ನನ್ನದೇ. ಅವನಿಗೆ ನಾನು ದೊಡ್ಡಕ್ಕ, ತಂಗಿ ಸಣ್ಣಕ್ಕ. ಅವನನ್ನು ನಾವು ತಮ್ಮಾ ಎನ್ನುತ್ತಿದ್ದೆವು. ಬಾಯಿಮಾತಿಗೆ ಕರೆದದ್ದಲ್ಲ. ತಂಗಿ ದೀಪಾವಳಿಯಲ್ಲಿ ಅಣ್ಣತಮ್ಮಂದಿರಿಗೆ ಉಣಿಸುವ ಭಾವಬಿದಿಗೆಗೆ ಅವನನ್ನು ಕರೆದು ಎಣ್ಣೆ ಹಚ್ಚಿ, ಎಲೆ ಹಾಕಿ ಬಡಿಸುತ್ತಿದ್ದಳು.

"ಅರಳುದ್ರೊಳಗೆ ಕುಮಟಾ, ಅರಳಿದ್ರೆ ಗಟಾರ" ಎನ್ನುವುದು ಅವನ ಮಾತು. ಹೂ ಅರಳುವ ಮೊದಲು ಪೇಟೆ ಮುಟ್ಟದಿದ್ದರೆ ಅದು ಚರಂಡಿಗೇ. ಒಂದು ಮಳೆಗಾಲ ಹೊನ್ನಾವರದ ಆಚೆ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಸಾಲಾಗಿ ನಿಂತ ಲಾರಿಯವರು ಬೀಡಿ ಹಚ್ಚಿಕೊಂಡು ಕೂತರು. ಇವನು ಪ್ಯಾಂಟು ಮಡಚಿ, ಹೂವಿನ ಕಟ್ಟುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಮೊಣಕಾಲು ಮಟ್ಟದ ಕೆಸರಿನಲ್ಲಿ ಆಚೆ ದಾಟಿಸಿದ. ಕೊನೆಗೆ ನನ್ನನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹೋದ. "ದೊಡ್ಡಕ್ಕ, ಹೂವಿನಕಿಂತ ನೀನೇ ಹಗುರ. ಊಟ ಮಾಡ್ತ್ಯೋ ಇಲ್ವೋ?" ಎಂದ. ಅಂಥವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಬರೀ ಬೈದೆ ಅನ್ನಬಾರದು.

ಕ್ಯಾಮೆರಾ ಬಂದದ್ದು ಅವನ ಮಗಳ ಮದುವೆಯ ಮಾತು ಗಟ್ಟಿಯಾದ ಸಮಯದಲ್ಲಿ. ಒಬ್ಬಳೇ ಮಗಳು. ಕುಮಟಾದ ಕಡೆಯ ಸಂಬಂಧ, ಹುಡುಗನಿಗೆ ಕೆಲಸ, ಮನೆಯಲ್ಲಿ ಕಾರು. ವ್ಯಾನಿನಲ್ಲಿ ದಿನವೂ ಅದೇ ಸುದ್ದಿ. ಆಗ ಹೊನ್ನಾವರದಲ್ಲಿ ಗಾಡಿಗೆ ಸೀಟ್ ಕವರ್, ಹಾರ್ನ್ ಹಾಕುವ ಅಂಗಡಿಯವನು ಒಂದು ಪುಟ್ಟ ಕಪ್ಪು ಡಬ್ಬಿ ಕೊಟ್ಟನಂತೆ. ತಿಂಗಳು ಹಾಕಿಕೊಂಡು ನೋಡು, ಚಲೋ ಇದ್ದರೆ ನಾಲ್ಕು ಜನ ಡ್ರೈವರುಗಳಿಗೆ ಹೇಳು ಎಂದು. ಇವನಿಗೆ ಅದೇ ದೊಡ್ಡ ಪದವಿ. ಮುಂದಿನ ಗಾಜಿಗೆ ಅಂಟಿಸಿ ನಮ್ಮನ್ನೆಲ್ಲ ಕರೆದು ತೋರಿಸಿದ.

"ಇದು ಎಂತ ಗೊತ್ತಿದ್ಯಾ? ಗಾಡಿ ಎದುರು ಆಗುದೆಲ್ಲ ನೋಡಿ ಇಟ್ಕೊಳ್ತದೆ, ಆಮೇಲೆ ಮೊಬೈಲಲ್ಲಿ ತೋರಿಸ್ತದೆ. ಇನ್ನು ಯಾರೂ ಸುಳ್ಳು ಹೇಳುಕಾಗ."

"ನೀ ಹೇಳುದು?" ಎಂದಳು ತಂಗಿ ಹಿಂದಿನಿಂದ.

"ನಂದೂ ಸಿಕ್ಕಿ ಬೀಳ್ತದೆ ಸಣ್ಣಕ್ಕ!" ಎಂದು ಗಹಗಹಿಸಿದ.

ಮೊದಲ ಶುಕ್ರವಾರವೇ ಎಡವಟ್ಟು. ಶುಕ್ರವಾರ ವ್ಯಾನಿಗೆ ಪೂಜೆ ಮಾಡದೆ ಅವನು ಹೊರಡುವವನಲ್ಲ. ಸ್ಟೇರಿಂಗಿಗೆ, ಚಕ್ರಕ್ಕೆ ಕುಂಕುಮ ಇಟ್ಟವನು ಹೊಸ ಡಬ್ಬಿಗೂ ಇಟ್ಟ. ಎಲ್ಲಿಗೆ? ನಟ್ಟನಡುವೆ ಹೊಳೆಯುವ ಗಾಜಿನ ಕಣ್ಣಿಗೆ. ಗಂಧ ಕಲಸಿ ಗಟ್ಟಿಯಾಗಿ ಇಟ್ಟಿದ್ದ. ಸಂಜೆ ಮೊಬೈಲು ತೆರೆದು ನೋಡಿದರೆ ಭಟ್ಕಳದಿಂದ ಕುಮಟಾದವರೆಗೆ ಕೆಂಪೋ ಕೆಂಪು. "ಡಬ್ಬಿ ಹಾಳು, ಅಂಗಡಿಯವ ಮೋಸ ಮಾಡ್ದ" ಎಂದು ಕೂಗಾಡುತ್ತಿದ್ದ. ತಂಗಿ ಎದ್ದು ಬಂದು ಸೆರಗಿನಿಂದ ಆ ಕಣ್ಣು ಒರೆಸಿದಳು. "ಕುಂಕುಮ ಹಣೆಗೆ ಇಡುದು ಮಾರಾಯಾ, ಕಣ್ಣಿಗಲ್ಲ. ನಿನ್ನ ಹೆಂಡ್ತಿಗೂ ಕಣ್ಣಿಗೇ ಇಡ್ತ್ಯಾ?" ವ್ಯಾನಿಗೆ ವ್ಯಾನೇ ನಕ್ಕಿತು. ಮುಂದಿನ ಶುಕ್ರವಾರದಿಂದ ಬೊಟ್ಟು ಕಣ್ಣಿನ ಮೇಲುಗಡೆ, ಡಬ್ಬಿಯ ಹಣೆಗೆ ಹೋಯಿತು.

ವಾರಗಳು ಕಳೆದ ಹಾಗೆ ಅವನು ಅದರ ಪಂಡಿತನೇ ಆದ. ಕುಮಟಾದಲ್ಲಿ ಬಿಸಿಲಿಗೆ ವ್ಯಾನು ನಿಲ್ಲಿಸಿದರೆ ಅಂಟು ಕರಗಿ ಡಬ್ಬಿ ನನ್ನ ಹೂವಿನ ಬುಟ್ಟಿಗೆ ಬೀಳುತ್ತಿತ್ತು. "ಅಂಟು ಸುಖ ಇಲ್ಲ" ಎಂದ. ಹಗಲು ಎದುರಿನ ಗಾಡಿಯ ನಂಬರು ಚೆನ್ನಾಗಿ ಕಾಣುತ್ತದೆ, ಮಬ್ಬಾದ ಮೇಲೆ ಬರೀ ಲೈಟು ಎಂದ. ಗಾಡಿ ಗುಂಡಿಗೆ ಬಿದ್ದರೂ ಅದು ಕುಂಯ್ ಎಂದು ಅಪಘಾತ ಎಂದುಕೊಂಡು ಆ ಚಿತ್ರವನ್ನು ಬೇರೆ ಎತ್ತಿಡುತ್ತಿತ್ತು. "ಈ ರಸ್ತೆಲಿ ಇದ್ಕೆ ದಿನಾ ನೂರು ಸಲ ಸಾವು" ಎಂದ. ಇನ್ನೊಂದು ದಿನ ನಮ್ಮದೇ ಮಾತು ಅದರೊಳಗಿಂದ ಕೇಳಿಸಿದ. ಹಿಂದೆ ಕೂತವಳೊಬ್ಬಳು ತನ್ನ ನಾದಿನಿಯ ಬಗ್ಗೆ ಆಡಿದ್ದು ಸ್ಪಷ್ಟವಾಗಿ ಬಂತು. ಅವಳು ಅವನ ತಲೆಗೆ ಮೊಟಕಿ, ಅದರ ಬಾಯಿ ಮುಚ್ಚಿಸುವವರೆಗೆ ಬಿಡಲಿಲ್ಲ. ಕಂಡ ಡ್ರೈವರುಗಳಿಗೆಲ್ಲ ಚಹಾ ಅಂಗಡಿಯಲ್ಲಿ ಮೊಬೈಲು ಹಿಡಿದು ಇದರ ವರದಿ ಒಪ್ಪಿಸುತ್ತಿದ್ದ. "ಮನುಷ್ಯ ಮರೀತಾನೆ, ಇದು ಮರಿಯುದಿಲ್ಲ" ಎನ್ನುತ್ತಿದ್ದ.

ಆ ದಿನವೂ ಶುಕ್ರವಾರ. ಧಾರೇಶ್ವರದಲ್ಲಿ ತಂಗಿ ದೇವಸ್ಥಾನಕ್ಕೆ ಹೂ ಕೊಡಲು ಇಳಿದಳು. ರಸ್ತೆ ದಾಟುವುದೂ ಇಲ್ಲ, ಏನೂ ಇಲ್ಲ. ನಿಂತ ವ್ಯಾನಿನ ಮುಂದೆ, ರಸ್ತೆಯ ಅಂಚಿನಲ್ಲಿ ಬುಟ್ಟಿ ಸೊಂಟಕ್ಕಿಟ್ಟು ನಡೆಯುತ್ತಿದ್ದಳು. ರಸ್ತೆ ಅಗಲ ಮಾಡಿದ ಮೇಲೆ ತಿರುಗುವ ಜಾಗ ಎಲ್ಲೋ ದೂರ. ಅಲ್ಲಿವರೆಗೆ ಹೋಗಲು ಬೇಸರಪಟ್ಟು ಉಲ್ಟಾ ಬರುವವರು ದಿನಾ ಇರುತ್ತಾರೆ. ಹಾಗೇ ಒಂದು ಬಿಳಿ ಕಾರು ನಮ್ಮ ಸೈಡಿನಲ್ಲೇ ಎದುರಿನಿಂದ ಬಂತು. ತಂಗಿಯನ್ನು ಎತ್ತಿ ಹಾಕಿತು. ನಿಲ್ಲಲಿಲ್ಲ. ಹೂವೆಲ್ಲ ಡಾಂಬರಿನ ಮೇಲೆ.

ಅವನು ಹಾರಿ ಇಳಿದ. ತಂಗಿಯನ್ನು ಎರಡು ಕೈಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಕುಮಟಾ ಆಸ್ಪತ್ರೆಯವರೆಗೆ ಹಾರ್ನಿನಿಂದ ಕೈ ತೆಗೆಯಲಿಲ್ಲ. ರಕ್ತ ಬಹಳ ಹೋಗಿತ್ತು, ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಇದೂ ಅವನದೇ ಕೆಲಸ. ಇಲ್ಲ ಎನ್ನುವುದಿಲ್ಲ.

ತಂಗಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಬಾಗಿಲ ಬಳಿ ಕೂತು ಅಳುತ್ತಿದ್ದೆ. ಅವನು ಮೊಬೈಲು ಹಿಡಿದು ಓಡಿ ಬಂದ. "ದೊಡ್ಡಕ್ಕ, ನೋಡು. ಎಲ್ಲ ಬಂದದೆ. ಸಿಕ್ಕಿಬಿದ್ದ ಅವ. ಇನ್ನು ಹೆದ್ರುದು ಬೇಡ" ಎಂದ. ನಾನು ಕಣ್ಣೊರೆಸಿಕೊಂಡು ನೋಡಿದೆ. ನನ್ನ ತಂಗಿಯ ಹಸಿರು ಸೀರೆ. ಸೊಂಟದ ಬುಟ್ಟಿ. ಉಲ್ಟಾ ಬರುವ ಬಿಳಿ ಕಾರು. ಎಲ್ಲ ನೀರಿನಷ್ಟು ತಿಳಿ. ಅವನು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನಂಬರು ದೊಡ್ಡದು ಮಾಡಿದ. ನಾನು ಓದಿದ್ದು ಎರಡನೇ ಇಯತ್ತೆ. ಒಂದೊಂದೇ ಅಂಕೆ ಕೂಡಿಸಿ ಓದುವಷ್ಟರಲ್ಲಿ ಮೊಬೈಲು ಹಿಡಿದ ಅವನ ಕೈ ಕೆಳಗಿಳಿಯಿತು.

"ಎಂತಾತು ತಮ್ಮಾ?"

"ಎಂತ ಇಲ್ಲ. ಚಾ ಕುಡ್ಕಂಡು ಬರ್ತೆ."

ಹೋದವನು ಅವತ್ತು ಬರಲಿಲ್ಲ.

ಮಾರನೇ ದಿನ ಪೊಲೀಸರು ವಾರ್ಡಿಗೆ ಬಂದರು. ಇವನನ್ನೂ ಕರೆಸಿದ್ದರು. ತಂಗಿ ಕಾಲು ಕಟ್ಟಿಸಿಕೊಂಡು ಮಲಗಿದ್ದಳು, ಎಚ್ಚರವಿತ್ತು.

"ನಿನ್ನ ಗಾಡೀಲಿ ಕ್ಯಾಮೆರಾ ಇದೆಯಂತಲ್ಲ?" ಎಂದರು.

"ಇತ್ತು ಸಾಹೇಬ್ರೆ. ನಿನ್ನೆ ಶುಕ್ರವಾರ ಅಲ್ದಾ, ಪೂಜೆ ಮಾಡಿ ಕುಂಕುಮ ಇಟ್ಟಿದ್ದೆ. ಕಣ್ಣಿನ ಮೇಲೇ ಕೂತುಬಿಟ್ಟದೆ. ಕೆಂಪು ಬಿಟ್ರೆ ಎಂತ ಕಾಣುದಿಲ್ಲ."

ಸಾಹೇಬರು ನಕ್ಕೇಬಿಟ್ಟರು. ತಂಗಿ ನಗಲಿಲ್ಲ. ಅವನನ್ನೇ ನೋಡುತ್ತಿದ್ದಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

ನಾನು ಸುಮ್ಮನಿರುವವಳಲ್ಲ. "ಸುಳ್ಳು ಸಾಹೇಬ್ರೆ. ನಿನ್ನೆ ಇಲ್ಲೇ ನಂಗೆ ತೋರ್ಸಿದಾನೆ. ಕಾರು, ನಂಬರು ಎಲ್ಲ ಇತ್ತು" ಎಂದೆ. ಮೊಬೈಲು ತೋರಿಸು ಎಂದರು. ಕೊಟ್ಟ. ಅದರಲ್ಲಿ ಕಾರಿನದು ಏನೂ ಇರಲಿಲ್ಲ.

ಆಗ ಅವನು ಒಂದು ಮಾತು ಹೇಳಿದ. "ದೊಡ್ಡಕ್ಕಂಗೆ ವಯಸ್ಸಾತು ಸಾಹೇಬ್ರೆ. ಬೇರೆ ದಿನ ತೋರ್ಸಿದ್ದನ್ನ ನಿನ್ನೆದು ಅಂತ ಮಾಡ್ಕೊಂಡದೆ."

ಕುಂಕುಮದ ಸುಳ್ಳು ಒಂದು ತೂಕವಾದರೆ ಇದು ಇನ್ನೊಂದು ತೂಕ. ನನ್ನನ್ನು ಬೆನ್ನ ಮೇಲೆ ಹೊತ್ತವನು ನನ್ನನ್ನು ಅರಳುಮರಳು ಮಾಡಿ ಇಟ್ಟ. ಪೊಲೀಸರು "ಆತಮ್ಮ, ಆತು" ಎಂದು ಮಕ್ಕಳನ್ನು ಸಮಾಧಾನ ಮಾಡುವ ಹಾಗೆ ಮಾಡಿದರು. ಯಾವುದೋ ಗಾಡಿ, ಗುರುತಿಲ್ಲ ಎಂದು ಬರೆದುಕೊಂಡು ಹೋದರು. ಅಜ್ಜಿ ನೋಡದೆ ರಸ್ತೆಗೆ ಇಳಿದಿರಬೇಕು ಎಂದು ಊರಲ್ಲಿ ಮಾತಾಯಿತು. ತಂಗಿಯನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಮಾತು. ಹುಟ್ಟಿದಾಗಿನಿಂದ ರಸ್ತೆಯ ಅಂಚಿನಲ್ಲೇ ಬದುಕಿದವಳು ಅವಳು.

ಮರುದಿನ ಬೆಳಿಗ್ಗೆ ಅವನ ಮನೆಗೇ ಹೋದೆ. ವ್ಯಾನು ತೊಳೆಯುತ್ತಿದ್ದ. ಗಾಜಿನ ಮೇಲೆ ಡಬ್ಬಿ ಇರಲಿಲ್ಲ, ಅಂಟಿನ ಕಲೆ ಮಾತ್ರ ಇತ್ತು.

"ಯಾರ ಗಾಡಿ ಅದು?" ಎಂದೆ.

ನೀರಿನ ಪೈಪು ಹಾಗೇ ಹರಿಯುತ್ತಿತ್ತು. ಮನೆಯೊಳಗೆ ಮದುವೆಯ ಸೀರೆಗಳನ್ನು ಹರಡಿಕೊಂಡು ನಗುವವರ ಸದ್ದು.

"ದೊಡ್ಡಕ್ಕ, ನಂಗೆ ಒಬ್ಳೇ ಮಗ್ಳು."

ಅಷ್ಟೇ ಹೇಳಿದ. ನನಗೆ ಅಷ್ಟು ಸಾಕಾಯಿತು. ಬೀಗರ ಮನೆಯ ಕಾರು. ಓಡಿಸುತ್ತಿದ್ದವನು ಹುಡುಗನ ಅಣ್ಣ ಎಂದು ಆಮೇಲೆ ತಿಳಿಯಿತು.

ಇವನು ಅಂಗಡಿಯವನಿಗೆ ಡಬ್ಬಿ ವಾಪಸು ಕೊಟ್ಟು, "ತಿಂಗ್ಳು ನೋಡ್ದೆ, ಸುಖ ಇಲ್ಲ, ಬೇಕಾದಾಗ ಕೈ ಕೊಡ್ತದೆ" ಎಂದನಂತೆ. ಹೊನ್ನಾವರಕ್ಕೆ ಹೋದಾಗ ನಾನೇ ಆ ಅಂಗಡಿಗೆ ಹೋಗಿ ಕೇಳಿದೆ. "ಕ್ಯಾಮೆರಾಕ್ಕೆ ಎಂತದೂ ಆಗ್ಲಿಲ್ಲ ಅಮ್ಮ. ಚಿತ್ರ ಎಲ್ಲ ಉಳಿಯುದು ಒಳಗಿನ ಕಾರ್ಡಲ್ಲಿ, ಅದೇ ಇಲ್ಲ, ಕಳದೋತು ಅಂದ" ಎಂದ ಅಂಗಡಿಯವನು. ಕೈ ಕೊಟ್ಟದ್ದು ಡಬ್ಬಿಯಲ್ಲ.

ತಂಗಿಗೆ ಎಲ್ಲ ಹೇಳಿದೆ. ಅವಳು ಕಟ್ಟಿದ ಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡಳು. ಆಮೇಲೆ ಹೇಳಿದಳು: "ನನ್ನ ಹತ್ರ ಬಂದು ಹೀಂಗೀಂಗೆ ಅಕ್ಕ, ಹುಡ್ಗಿ ಬದ್ಕು ಅಂದಿದ್ರೆ ನಾನೇ ಬಿಡು ಅಂತಿದ್ದೆ. ಅದು ನನ್ನ ಕೈಯಲ್ಲಿ ಬೆಳ್ದ ಹುಡ್ಗಿ. ಕೇಳ್ಲೇ ಇಲ್ವಲ್ಲೇ ಅಂವ. ನಾ ಬಿಡುದಿಲ್ಲ ಅಂದ್ಕಂಡ." ಮುರಿದ ಕಾಲಿನ ಬಗ್ಗೆ ಅವಳು ಅಷ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಮದುವೆ ಆಯಿತು. ನಮಗೆ ಕರೆ ಬಂದಿತ್ತು, ಹೋಗಲಿಲ್ಲ. ನಾನು ಅವನ ವ್ಯಾನು ಬಿಟ್ಟೆ. ಬಸ್ಸಿನಲ್ಲಿ ಹೂ ಕಟ್ಟಿದರೆ ಪಕ್ಕದವರು ಗೊಣಗುತ್ತಾರೆ, ಗೊಣಗಲಿ. ಎಷ್ಟೋ ದಿನ ಹೂ ಅರಳಿದ ಮೇಲೆ ಕುಮಟಾ ಮುಟ್ಟಿದೆ. ಅವನು ಸ್ಟಾಪಿನ ಬಳಿ ನಿಧಾನ ಮಾಡುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ. ಅವನು ಹಾರ್ನು ಹಾಕುತ್ತಿರಲಿಲ್ಲ. ಹಾಕಿದ್ದರೂ ನಾನು ಹತ್ತುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವನು ವ್ಯಾನಿನಲ್ಲೇ ಎದೆ ಹಿಡಿದುಕೊಂಡು ಸತ್ತ. ಮಂಕಿಯ ಹತ್ತಿರ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ, ಬ್ರೇಕು ಎಳೆದು, ಆಮೇಲೆ ವಾಲಿದನಂತೆ. ಒಳಗಿದ್ದ ಹೆಂಗಸರಿಗೆ ಒಂದು ಗೀರೂ ಆಗಲಿಲ್ಲ.

ನಾನು ಹೋಗುವುದಿಲ್ಲ ಎಂದೆ. ತಂಗಿ ಕೋಲು ಹಿಡಿದು ಎದ್ದು ನಿಂತಳು. "ನೀ ಬರದಿದ್ರೆ ನಾ ಒಬ್ಳೇ ಹೋಗ್ತೆ" ಎಂದಳು. ಆಟೋ ಮಾಡಿಕೊಂಡು ಹೋದೆವು. ಅಂಗಳ ತುಂಬ ಜನ. ಬೀಗರೂ ಬಂದಿದ್ದರು. ಹುಡುಗನ ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ತಂಗಿಯ ಕೋಲು ಕಂಡದ್ದೇ ತಲೆ ತಗ್ಗಿಸಿದ.

ತಂಗಿ ಕುಂಟುತ್ತ ಹೋಗಿ ಹೆಣದ ಬಳಿ ನೆಲಕ್ಕೆ ಕೂತಳು. ಕೂರುವುದೂ ಅವಳಿಗೆ ಕಷ್ಟ. ಅವನ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ತಮ್ಮಾ, ಈಗಾದ್ರೂ ಹೇಳು ಮಾರಾಯಾ."

ಮಗಳು ತಲೆ ಎತ್ತಿದಳು. ಬಸುರಿ, ತುಂಬಿದ ಹೊಟ್ಟೆ. ತಂಗಿಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ ಎಂಬುದು ಆ ಮುಖದಲ್ಲೇ ಇತ್ತು.

"ಅಪ್ಪ ಎಂತ ಹೇಳ್ಬೇಕಿತ್ತು ದೊಡ್ಡತ್ತೆ?"

ಕಂಬದ ಹತ್ತಿರದವನು ತಲೆ ಎತ್ತಿ ನನ್ನನ್ನು ನೋಡಿದ. ತಂಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಎಂತ ಇಲ್ಲ ಮಗಾ" ಎಂದೆ. "ಸಣ್ಣಕ್ಕಂಗೆ ವಯಸ್ಸಾತು."

ತಂಗಿ ಅವನ ಕೈ ಬಿಟ್ಟಳು. ಆಟೋದಲ್ಲಿ ಮನೆ ಮುಟ್ಟುವವರೆಗೆ ನನ್ನಿಂದ ಮುಖ ತಿರುಗಿಸಿ ಕೂತಳು. ಅವನು ನಮಗೆ ಮಾಡಿದ ಉಪಕಾರಕ್ಕೆಲ್ಲ ನಾನು ಕೊಟ್ಟದ್ದು ಆ ಒಂದು ಸುಳ್ಳು. ನನ್ನ ಕಡೆಯಿಂದ ಇನ್ನು ಬಾಕಿ ಏನೂ ಇಲ್ಲ. ಅವನ ಕಡೆಯದು ಹಾಗೇ ಇದೆ.