ನೀಲಕ್ಕನ ಟಾಕಿಗೆ ಶ್ರಾವಣವಿಲ್ಲ

ನೀಲಕ್ಕ ಎದುರಾದರೆ ಮೊದಲು ನೋಡುತ್ತಿದ್ದದ್ದು ನಮ್ಮ ಕೈಯಲ್ಲಿದ್ದ ಕಸದ ಡಬ್ಬಿಯನ್ನು. ಮುಖ ನೋಡುವುದು ಆಮೇಲೆ. ಮುಚ್ಚಳ ತೆಗೆದು, ಬರಿಗೈಯಲ್ಲೇ ಕೆದಕಿ, "ಏನ್ ತಂಗಿ, ಇವತ್ತೂ ಬಟಾಟಿ ಏನ? ನಿಮ್ಮ ಮನ್ಯಾಗ ತಪ್ಪಲ ಪಲ್ಯಾ ಮಾಡಂಗೇ ಇಲ್ಲೇನು?" ಎಂದು ಲಿಫ್ಟಿನ ಮುಂದೆ ಎಲ್ಲರ ಎದುರು ಕೇಳುತ್ತಿದ್ದರು. ಲೋಕಲ್ ರೈಲು ಹಿಡಿಯಲು ಓಡುವ ಹೊತ್ತಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸಂಜೆ ಬರುವಾಗ ಮೆಂತ್ಯೆಯ ಸಿವುಡು ಹಿಡಿದುಕೊಂಡೇ ಬರುತ್ತಿದ್ದೆ.

ಭಾಂಡುಪ್‌ನ ನಮ್ಮ ಹಳೆಯ ಬಿಲ್ಡಿಂಗಿನ ಹಿಂದೆ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಅವರ ಗ್ಯಾಸಿನ ಟಾಕಿ ಇತ್ತು. ನೆಲದೊಳಗೆ ಕಟ್ಟಿದ ಸಿಮೆಂಟಿನ ತೊಟ್ಟಿ, ಅದರೊಳಗೆ ಬೋರಲು ಹಾಕಿದ ದೊಡ್ಡ ಡ್ರಮ್ಮು. ಮನೆಮನೆಯ ಅಡುಗೆ ಕಸ, ಎಮ್ಮೆ ಕಟ್ಟುವ ತಬೇಲೆಯ ಸಗಣಿ, ಗುಡಿಯ ಬಾಡಿದ ಹೂವು, ಮಾರ್ಕೆಟ್ಟಿನ ಮೀನಿನ ಕರುಳು, ಎಲ್ಲವೂ ಅದೇ ತೊಟ್ಟಿಗೆ. ಗಾಳಿಯಾಡದ ಆ ಕತ್ತಲೆಯಲ್ಲಿ ಎಲ್ಲ ಕೂಡಿ ಕೊಳೆತು ಗ್ಯಾಸಾಗಿ ಡ್ರಮ್ಮನ್ನು ಮೇಲೆತ್ತುತ್ತಿತ್ತು. ಅಲ್ಲಿಂದ ಒಂದು ಪೈಪು ಹಿಂದಿನ ಖೋಲಿಯ ಒಲೆಗೆ ಹೋಗುತ್ತಿತ್ತು. ಬಿಲ್ಡಿಂಗ್ ಗುಡಿಸುವ ಹೆಂಗಸರು, ವಾಚ್‌ಮನ್‌ಗಳು ಅಲ್ಲೇ ಬೇಯಿಸಿ ಬಿಸಿಬಿಸಿ ಉಣ್ಣುತ್ತಿದ್ದರು.

ನೀಲಕ್ಕ ಧಾರವಾಡದ ಕಡೆಯ ಲಿಂಗಾಯತರ ಮನೆಯವರು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದರು. ಮಕ್ಕಳು ಬರುವುದಿಲ್ಲವೆಂದು ಆ ಶಾಲೆಯನ್ನು ಮುಚ್ಚಿದಾಗ ಜಗಳವಾಡದೆ ಬಂದದ್ದು ಅವರನ್ನು ಚುಚ್ಚುತ್ತಲೇ ಇತ್ತು. "ಅಲ್ಲೆ ತಲಿ ತಗ್ಗಿಸಿ ಕೀಲಿ ಕೊಟ್ಟು ಬಂದ್ನೆವಾ. ಇನ್ನೊಮ್ಮೆ ಹಂಗ ಮಾಡಂಗಿಲ್ಲ ನಾ" ಎನ್ನುತ್ತಿದ್ದರು. ಟಾಕಿಯ ಬಗ್ಗೆ ಯಾರು ಚಕಾರ ಎತ್ತಿದರೂ ಅವರು ಹುಲಿಯಾಗುತ್ತಿದ್ದದ್ದು ಅದಕ್ಕೇ ಎಂದು ನನ್ನ ಅನಿಸಿಕೆ.

ಚಕಾರ ಎತ್ತುವವರಿಗೇನೂ ಕಡಿಮೆ ಇರಲಿಲ್ಲ. ಸೊಸೈಟಿಯ ಸೆಕ್ರೆಟರಿ ಸಾವಂತರಿಗೆ ಆ ಜಾಗ ಪಾರ್ಕಿಂಗಿಗೆ ಬೇಕಿತ್ತು. ಬಾಯಲ್ಲಿ ಮಾತ್ರ ಧರ್ಮದ ಮಾತು: ದೇವರ ಹೂವಿನ ಜೊತೆ ಮೀನಿನ ಕರುಳು ಹಾಕಬಹುದೇ? ನೀಲಕ್ಕನ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. "ಬರೇ ಅನ್ನಾ ಹಾಕಿದ್ರ ಹುಳಿ ಬರತೈತಿ, ಬರೇ ಮೀನಾ ಹಾಕಿದ್ರ ಗಬ್ಬ ನಾರತೈತಿ. ಎಲ್ಲಾ ಕೂಡಿದ್ರನ ಹದಾ. ನಿಮಗ ಕೂಡಿ ಉಣ್ಣಾಕ ಬರಂಗಿಲ್ಲ, ಟಾಕಿಗೆ ಬರತೈತಿ" ಎಂದು ನನಗೆ ಕನ್ನಡದಲ್ಲಿ ಹೇಳಿ, ಅದನ್ನೇ ಸಾವಂತರಿಗೆ ಮರಾಠಿಯಲ್ಲಿ ಇನ್ನಷ್ಟು ಖಾರವಾಗಿ ಹೇಳುತ್ತಿದ್ದರು.

ಅಂಥವರೂ ಒಂದು ಶ್ರಾವಣದಲ್ಲಿ ಎಡವಿದರು. ಶ್ರಾವಣ ಹಿಡಿದರೆ ನಮ್ಮ ಬಿಲ್ಡಿಂಗಿನಲ್ಲಿ ಮೀನು ಬಂದ್. ದಿನಾ ಬಕೆಟ್ಟು ತುಂಬಿ ಕರುಳು ಕೊಡುತ್ತಿದ್ದ ಮೀನು ಮಾರುವ ಹೌಸಾ ಮೌಶಿ ವ್ಯಾಪಾರವಿಲ್ಲವೆಂದು ಮನೆಯಲ್ಲಿ ಕೂತಳು. ಇತ್ತ ಉಪವಾಸದವರ ಮನೆಗಳಿಂದ ಸಾಬೂದಾನಿ ಖಿಚಡಿ, ಬಟಾಟೆ, ಮತ್ತೆ ಸಾಬೂದಾನಿ. ಕಸ ಹಿಂದಕ್ಕೆ ಕಳಿಸುವುದು ಅವಮಾನವೆಂದು ನೀಲಕ್ಕ ಬಂದದ್ದನ್ನೆಲ್ಲ ಸುರಿದರು. ಟಾಕಿಗೆ ಹುಳಿ ಹತ್ತಿತು. ಡ್ರಮ್ಮು ಕುಸಿಯಿತು, ಒಲೆ ಆರಿತು, ಹುಳಿವಾಸನೆ ಮೇಲಿನ ಮಹಡಿಯವರೆಗೂ ಏರಿತು. ಸಾವಂತರು ನೋಟಿಸು ಹಚ್ಚಿದರು: ಶ್ರಾವಣ ಮುಗಿದ ಮೇಲೆ ಮೀಟಿಂಗು, ಅಷ್ಟರೊಳಗೆ ಒಲೆ ಹತ್ತದಿದ್ದರೆ ಟಾಕಿಗೆ ಮಣ್ಣು.

"ತಪ್ಪ ನಂದ ಐತಿ," ನೀಲಕ್ಕ ನನ್ನೆದುರು ಒಪ್ಪಿಕೊಂಡರು. "ಆದ್ರ ಮಣ್ಣ ಹಾಕಾಕ ಬಿಡಂಗಿಲ್ಲ." ಕೂಳು ನಿಲ್ಲಿಸಿ ಟಾಕಿಗೂ ಉಪವಾಸ ಹಾಕಿದರು. ಒಂದಿಷ್ಟು ಸುಣ್ಣದ ತಿಳಿ, ದಿನಾ ತೆಳ್ಳಗಿನ ಸಗಣಿ ಬಗ್ಗಡ. ಹುಳಿವಾಸನೆ ಇಳಿದ ಮೇಲೆ ಒಂದು ಸೋಮವಾರ ನನ್ನನ್ನೂ ಎಳೆದುಕೊಂಡು, ಶ್ರಾವಣ ಹಿಡಿಯದವರು ಮೀನು ಕೊಳ್ಳುವ ದೂರದ ಮಾರ್ಕೆಟ್ಟಿಗೆ ಹೊರಟರು. ಬರುವಾಗ ಬಕೆಟ್ಟಿನ ತುಂಬ ಕರುಳು, ಹುರುಪೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಮೂಗ ಹಿಡದೀ, ಬಕೀಟ ಯಾರ್ ಹಿಡೀಬೇಕು? ಕೈ ಹಚ್ಚು" ಎಂದರು. ಹಚ್ಚಿದೆ.

ಹಿಂದಿನ ಗೇಟಿನಿಂದ ಸದ್ದಿಲ್ಲದೆ ಹೋಗೋಣವೆಂದರೆ ಕೇಳಲಿಲ್ಲ. ಪೂಜೆಯ ತಟ್ಟೆ ಹಿಡಿದ ಹೆಂಗಸರ ನಡುವೆಯೇ, ಮುಂದಿನ ಗೇಟಿನಿಂದಲೇ ನಡೆದರು. ಸಾವಂತರು ಅಡ್ಡ ಬಂದು, "ಬಾಯೀ, ಆಜ್ ಶ್ರಾವಣೀ ಸೋಮವಾರ್ ಆಹೇ!" ಎಂದು, ಇವತ್ತು ಶ್ರಾವಣ ಸೋಮವಾರವೆಂದು ನೆನಪಿಸಿ, ಕೂಗಿದರು.

ನೀಲಕ್ಕ ನಿಂತರು. "ಮಲಾ ಆಹೇ. ಟಾಕೀಲಾ ನಾಹೀ" ಎಂದರು. ಸೋಮವಾರ ನನಗಿದೆ, ಟಾಕಿಗಿಲ್ಲ. ಬಕೆಟ್ಟು ಇಳಿಸದೆಯೇ ಮುಂದೆ ನಡೆದರು. ಆ ಹೊತ್ತಿನಲ್ಲಿ ಅವರ ಜೊತೆ ಅದೇ ಬಕೆಟ್ಟು ಹಿಡಿದಿದ್ದೆ ಎನ್ನುವ ಹೆಮ್ಮೆ ನನಗೆ ಇವತ್ತಿಗೂ ಇದೆ.

ಕರುಳನ್ನು ಹಿಡಿಹಿಡಿಯಾಗಿ, ಸಗಣಿ ಮತ್ತು ಹೂವಿನೊಂದಿಗೆ ಕಲಸಿ ಹಾಕಿದರು. ಡ್ರಮ್ಮು ಮೆಲ್ಲಗೆ ಎದ್ದಿತು. ಮೀಟಿಂಗಿನ ದಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು. ಎಲ್ಲರಿಗೂ ಕಪ್ಪು ಹಂಚಿದ ಮೇಲೆ, "ಈಗ ಕೈ ಎತ್ತರಿ" ಎಂದರು. ಕೈಯಲ್ಲಿ ಅದೇ ಒಲೆಯ ಚಹಾ ಹಿಡಿದುಕೊಂಡು ಅದನ್ನು ಮುಚ್ಚಿರೆಂದು ಕೈ ಎತ್ತಲು ಹೆಚ್ಚಿನವರಿಗೆ ಮನಸ್ಸಾಗಲಿಲ್ಲ. ಟಾಕಿ ಉಳಿಯಿತು.

ಮುಂದೆ ಬಿಲ್ಡರ್ ಬಂದ. ಇಡೀ ಬಿಲ್ಡಿಂಗನ್ನೇ ಕೆಡವಿ ಟವರ್ ಎಬ್ಬಿಸುವುದೆಂದಾಯಿತು. ನೀಲಕ್ಕ ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು ಹೊಸ ನಕ್ಷೆಯಲ್ಲಿ ಟಾಕಿ ಎಲ್ಲಿ ಎಂದು ಕೇಳಿದರು; ಸಾವಂತರೂ ಬಿಲ್ಡರನೂ ನೋಡೋಣ ನೋಡೋಣ ಎಂದು ಸಾಗಹಾಕಿದರು. ಖಾಲಿ ಮಾಡುವ ದಿನ ನಾವೆಲ್ಲ ಕಪಾಟು, ಫ್ರಿಜ್ಜು ಇಳಿಸುತ್ತಿದ್ದರೆ ಅವರು ಟಾಕಿಯ ಬಗ್ಗಡವನ್ನು ಕ್ಯಾನುಗಳಿಗೆ ತುಂಬುತ್ತಿದ್ದರು. ಬಾಡಿಗೆ ಮನೆ ಸಿಕ್ಕಿದ್ದ ವಿಕ್ರೋಳಿಯಲ್ಲಿ ಒಬ್ಬ ತಬೇಲೆಯವನನ್ನು ಒಪ್ಪಿಸಿ ಟಾಕಿ ಕಟ್ಟಿಸಿದ್ದರು.

"ಇದನ್ಯಾಕ ಹೊರತೀರಿ ಅಕ್ಕಾರ?" ಎಂದೆ.

"ಹೆಪ್ಪ ಇಲ್ದ ಮಸರ ಆಗತೈತೇನ ಹುಚ್ಚಿ? ಜೀವಾ ಇರೂದ ಇದರಾಗ" ಎಂದು ಟೆಂಪೋದ ಹಿಂದೆ ಕ್ಯಾನುಗಳ ನಡುವೆ ಹತ್ತಿ ಕೂತರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಟವರ್ ಎದ್ದು ನಿಲ್ಲುವ ಮೊದಲೇ ಎದೆನೋವಿನಿಂದ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಸಿಕ್ಕಿತು. ಮುಖ ನೋಡಲೂ ಆಗಲಿಲ್ಲ.

ಕಳೆದ ಭಾನುವಾರ ಟವರಿನ ಮೊದಲ ಮೀಟಿಂಗು. ಸಾವಂತರೇ ಸೆಕ್ರೆಟರಿ. ನಾನು ಬೆಳಗ್ಗೆಯೇ ವಿಕ್ರೋಳಿಯ ತಬೇಲೆಗೆ ಹೋಗಿಬಂದಿದ್ದೆ. ಹೊಳೆಯುವ ಮೇಜಿನ ಮೇಲೆ, ಅವರ ನಕ್ಷೆಯ ನಟ್ಟನಡುವೆ, ಅಲ್ಲಿನ ಬಗ್ಗಡ ತುಂಬಿದ ಒದ್ದೆ ಕ್ಯಾನು ಇಟ್ಟೆ.

"ಇದೇನು?" ಎಂದು ಕುರ್ಚಿ ಹಿಂದಕ್ಕೆ ಸರಿಸಿದರು.

"ನೀಲಕ್ಕನ ಟಾಕಿ," ಎಂದೆ. "ಜಾಗ ತೋರಿಸಿ."