ಎರಡನೇ ಸರ್ವ್

ಆ ವರ್ಷ ನನ್ನ ಎಡಗೈಗೆ ಚೆಂಡನ್ನು ಎಸೆಯುವುದೇ ಮರೆತುಹೋಯಿತು.

ಟೆನಿಸ್ ನನ್ನ ಕಸುಬಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ರಾಮನಗರದಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಅಭ್ಯಾಸ ಮಾಡುವುದು, ಊರೂರಿಗೆ ಹೋಗಿ ಅರ್ಹತಾ ಸುತ್ತು ಆಡುವುದು, ಸೋತರೆ ಸಂಜೆಗೇ ಬ್ಯಾಗು ಕಟ್ಟುವುದು. ಟಿವಿಯಲ್ಲಿ ಕಾಣುವ ಆಟಗಾರರು ಬೇರೆ. ನಾವು ಖಾಲಿ ಕುರ್ಚಿಗಳ ಮುಂದೆ ಆಡುವವರು.

ಸರ್ವ್ ಮಾಡಲು ಎರಡು ಅವಕಾಶವಿರುತ್ತದೆ. ಎರಡೂ ತಪ್ಪಿದರೆ ಪಾಯಿಂಟು ಎದುರಾಳಿಗೆ. ಒಂದು ಪಂದ್ಯದಲ್ಲಿ ಎರಡನೆಯದಕ್ಕೆ ಚೆಂಡು ಮೇಲೆ ಎಸೆಯಲು ಹೋದಾಗ ಬೆರಳುಗಳು ತಡವಾಗಿ ಬಿಚ್ಚಿಕೊಂಡವು. ಚೆಂಡು ನನ್ನ ತಲೆಯ ಹಿಂದೆ ಹೋಗಿ ಬಿತ್ತು. ನಕ್ಕುಬಿಟ್ಟೆ. ಮುಂದಿನ ವಾರ ಮತ್ತೆ ಹಾಗೇ ಆದಾಗ ನಗು ಬರಲಿಲ್ಲ. ಮೊದಲನೆಯದಕ್ಕೆ ಕೈ ಸರಿಯಾಗೇ ಇರುತ್ತಿತ್ತು, ಎರಡನೆಯದಕ್ಕೆ ಮಾತ್ರ ಹೀಗೆ.

ಡಾಕ್ಟರಿಗೆ ಏನೂ ದೋಷ ಸಿಗಲಿಲ್ಲ. ಕೋಚ್, "ಅದರ ಬಗ್ಗೆ ಯೋಚನೆ ಮಾಡ್ಬೇಡ" ಅಂದರು. ಅಂದಿನಿಂದ ಬೇರೇನನ್ನೂ ಯೋಚಿಸಲಾಗಲಿಲ್ಲ. ರೈಲಿನಲ್ಲಿ ಕೂತಾಗಲೂ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ, ಯಾರದೋ ಕೈ ನನ್ನ ಜೊತೆ ಬಂದಿದೆಯೇನೋ ಎಂಬಂತೆ.

ಒಂದು ಸಂಜೆ ತಾರಸಿಯ ಮೇಲೆ ಬರೀ ಎಸೆಯುವುದನ್ನೇ ಅಭ್ಯಾಸ ಮಾಡುತ್ತಿದ್ದೆ. ಚನ್ನಪಟ್ಟಣದ ಶಾಲೆಯಲ್ಲಿ ಪಾಠ ಮುಗಿಸಿ ಬಂದ ಅವ್ವ ಬಟ್ಟೆ ತೆಗೆಯಲು ಮೇಲೆ ಬಂದರು.

"ಕೈ ನೋಯ್ತೈತೇನವ್ವ ಮಗಳೇ?"

"ನೋವಿಲ್ಲ ಕಣವ್ವ. ಎಸೆಯೋ ಹೊತ್ಗೆ ಬೆರಳು ಬಿಚ್ಕೊಳ್ಳಲ್ಲ."

ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಸರ್ಯಾಗೇ ಐತಲ್ಲ. ಈ ಸಲ ಬೆಂಗ್ಳೂರಲ್ಲೇ ಮ್ಯಾಚ್ ಅಲ್ವಾ, ನಾನೂ ಬತ್ತೀನಿ."

ಅವ್ವ ಯಾವತ್ತೂ ನನ್ನ ಆಟ ನೋಡಲು ಬಂದವರಲ್ಲ. ಬೇಡ ಅನ್ನಲಾಗಲಿಲ್ಲ. ಅವರ ಕಣ್ಣೆದುರಿಗೇ ಚೆಂಡು ತಲೆಯ ಹಿಂದೆ ಬೀಳುವುದನ್ನು ನೆನೆಯುತ್ತಾ ಚದುರಿದ್ದ ಚೆಂಡುಗಳನ್ನು ಆಯ್ದುಕೊಂಡೆ.

ಪಂದ್ಯದ ದಿನ ಬಸ್ಸಿನಲ್ಲಿ ಹೊರಟೆವು. ಬಿಡದಿಯಲ್ಲಿ ಇಳಿದು ಅವ್ವ ತಟ್ಟೆ ಇಡ್ಲಿ ತಿಂದರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಎದುರಾಳಿ ನನಗಿಂತ ಚಿಕ್ಕವಳು, ನನ್ನ ಕೈಯ ಸುದ್ದಿ ಆಗಲೇ ಕೇಳಿದ್ದಳು. ನನ್ನ ಎರಡನೇ ಸರ್ವ್ ಬಂದಾಗಲೆಲ್ಲ ಹಿಂದೆ ಸರಿದು, ನಾನು ತಪ್ಪುವುದನ್ನೇ ಆರಾಮಾಗಿ ಕಾಯುತ್ತಿದ್ದಳು. ಒಂದೊಂದು ಸೆಟ್ ಗೆದ್ದು ಮೂರನೆಯದಕ್ಕೆ ಬಂದೆವು. ಗೆಲ್ಲಲು ಅವಳಿಗೆ ಒಂದೇ ಪಾಯಿಂಟು ಬೇಕಿತ್ತು. ಸರ್ವ್ ನನ್ನದು. ಮೊದಲನೆಯದು ನೆಟ್ಟಿಗೆ ಬಡಿಯಿತು.

ಚೆಂಡು ಹಿಡಿದು ನಿಂತೆ. ಬೆರಳುಗಳು ಕಲ್ಲಾಗುವುದು ಗೊತ್ತಾಗುತ್ತಿತ್ತು. ಅಂಪೈರ್ ಗಡಿಯಾರ ನೋಡಿದರು. ಆಗ ನಾನು ಚೆಂಡನ್ನು ಮೇಲೆ ಎಸೆಯಲೇ ಇಲ್ಲ. ಸೊಂಟದ ಹತ್ತಿರ ಸುಮ್ಮನೆ ಬಿಟ್ಟು, ಕೆಳಗಿನಿಂದಲೇ ಮೆಲ್ಲಗೆ ತಳ್ಳಿದೆ, ಅಂಗಳದಲ್ಲಿ ಮಕ್ಕಳು ಆಡುವ ಹಾಗೆ. ಚೆಂಡು ನೆಟ್ಟು ದಾಟಿ ಅಲ್ಲೇ ಹತ್ತಿರ ಬಿತ್ತು. ಅವಳು ಓಡಿ ಬಂದರೂ ಮುಟ್ಟಲಾಗಲಿಲ್ಲ.

ಯಾರೋ ಗೊಳ್ಳೆಂದು ನಕ್ಕರು. ಮುಖ ಸುಟ್ಟಂತಾಯಿತು. ಆದರೂ ಆಮೇಲಿನ ಎರಡನೇ ಸರ್ವ್‌ಗಳನ್ನೆಲ್ಲ ಹಾಗೇ ಮಾಡಿದೆ, ಗೆದ್ದೆ. ಅವಳು ನನ್ನ ಮುಖ ನೋಡದೆ ಕೈ ಕುಲುಕಿ ಹೋದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅವ್ವ ಪಕ್ಕದಲ್ಲಿ ಬಂದು ಕೂತರು. "ಹಂಗೆ ಹೊಡಿಯೋದು ತಪ್ಪಾ?"

"ತಪ್ಪಲ್ಲ. ನಿಯಮದಲ್ಲೈತೆ. ಆದ್ರೆ ಯಾರೂ ಹಂಗೆ ಆಡಲ್ಲ."

"ಗೆದ್ದೆ ತಾನೆ?"

"ಗೆದ್ದೆ."

"ಮತ್ಯಾಕವ್ವ ಅಳ್ತೀಯ?"

ಕಣ್ಣೊರೆಸಿಕೊಂಡೆ. ಸೋತಿದ್ದರೆ ಮನೆಗೆ ಹೋಗಬಹುದಿತ್ತು. ಗೆದ್ದಿದ್ದರಿಂದ ನಾಳೆ ಮತ್ತೆ ಅಲ್ಲೇ ನಿಲ್ಲಬೇಕಿತ್ತು.

ಮಾರನೆಯ ದಿನದ ಎದುರಾಳಿ ನೆಟ್ಟಿನ ಹತ್ತಿರವೇ ಬಂದು ಕಾದಳು, ಬೇಗನೆ ಸೋತೆ. ಆಮೇಲಿನ ಪಂದ್ಯಗಳಲ್ಲೆಲ್ಲ ಎರಡನೇ ಸರ್ವ್ ಕೆಳಗಿನಿಂದಲೇ ಮಾಡಿದೆ. ನಗುವವರು ನಕ್ಕರು, ಆಮೇಲೆ ಅವರಿಗೂ ನಕ್ಕು ಸಾಕಾಯಿತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಅಭ್ಯಾಸದಲ್ಲಿ ಕೋಚ್ ಜೊತೆ ಯಾವುದೋ ಮಾತಿಗೆ ವಾದ ಮಾಡುತ್ತಾ ಎರಡನೇ ಸರ್ವ್‌ಗೆ ಚೆಂಡು ಮೇಲೆಸೆದು ಹೊಡೆದುಬಿಟ್ಟೆ, ಬೆರಳು ತಾನಾಗೇ ಬಿಚ್ಚಿಕೊಂಡಿತ್ತು. ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಏನನ್ನೂ ಹೇಳಬೇಡಿ ಎಂದು ಕೈಸನ್ನೆ ಮಾಡಿ, ಇನ್ನೊಂದು ಚೆಂಡು ತೆಗೆದುಕೊಂಡೆ.