ಹರಾಜು ಕೂಗುವವಳ ಹಾರ್ಡ್ ಡಿಸ್ಕ್

ಡಾಫಿನ್ ಊರಿನ ಸುತ್ತಮುತ್ತ ದನ ಸಾಕಿದವರಲ್ಲಿ ಜೋನ್ಯಾ ಬರ್ಡೆನಿಯ ಬಾಯಿಗೆ ಒಮ್ಮೆಯಾದರೂ ಬೀಳದವರು ಇರಲಿಲ್ಲ. ಅವಳು ದನದ ಹರಾಜು ಕೂಗುವವಳು. ಅಪ್ಪನಿಂದ ಬಂದ ಕಸುಬು. ಅದು ತಮ್ಮ ಓರೆಸ್ಟ್‌ಗೆ ಹೋಗಬೇಕಿತ್ತು, ಆದರೆ ನಾಲ್ಕು ಜನರ ಮುಂದೆ ನಿಂತರೆ ಅವನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಜೋನ್ಯಾ ಮಾತ್ರ ಶಾಲೆಗೆ ಹೋಗುವ ದಾರಿಯಲ್ಲಿ ಬೇಲಿಯ ಕಂಬಗಳನ್ನು ಹರಾಜು ಹಾಕುತ್ತಾ ಬೆಳೆದ ಹುಡುಗಿ.

ಅವಳು ಮೊದಲ ಸಲ ಹರಾಜು ಕಟ್ಟೆ ಹತ್ತಿದ ದಿನ ಹಿಂದಿನ ಸಾಲಿನಿಂದ ಒಬ್ಬ, "ಹೆಂಗಸು ಹರಾಜು ಕೂಗಿದ್ರೆ ಎತ್ತು ಕರು ಹಾಕುತ್ತೆ" ಎಂದು ನಗಾಡಿದ್ದ. "ಎತ್ತು ಕರು ಹಾಕಿದ್ರೆ ಅದನ್ನೂ ಮಾರ್ತೀನಿ. ನೀನು ಕೈ ಎತ್ತು" ಎಂದಿದ್ದಳು ಜೋನ್ಯಾ. ಅವನು ಕೈ ಎತ್ತಿದ. ಮುದಿ ಹಸುವೊಂದು ಅವನ ಕೊರಳಿಗೆ ಬಿತ್ತು. ಅವತ್ತಿನಿಂದ ಯಾರೂ ಅವಳನ್ನು ಕೆಣಕಲು ಹೋಗಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ, "ಇನ್ನೂ ಒಳ್ಳೇ ಬೆಲೆ ಬಂದಿಲ್ಲ" ಎನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಅರವತ್ತು ದಾಟಿದಳು.

ಆ ವರ್ಷ ಬೇಸಿಗೆಯಲ್ಲಿ ಅವಳ ಗಂಟಲು ಕೆಟ್ಟಿತು. ಧೂಳು ಎಂದುಕೊಂಡಳು. ಹುಲ್ಲಿನ ಕಟಾವು ಮುಗಿದು ಧೂಳು ಅಡಗಿದ ಮೇಲೂ ಗೊಗ್ಗರು ಹೋಗಲಿಲ್ಲ. ವಿನಿಪೆಗ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಕೊಳವೆ ಇಳಿಸಿ ನೋಡಿ, ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಈ ದನಿ ಮತ್ತೆ ಬರುವುದಿಲ್ಲ.

"ಕರುಗಳ ಹರಾಜು ಮುಗಿಯೋವರೆಗೆ ತಡೀಬಹುದಾ?" ಎಂದು ಕೇಳಿದಳು ಜೋನ್ಯಾ.

"ತಡೆಯೋ ಹಾಗಿಲ್ಲ. ನವೆಂಬರ್ ಮೊದಲ ವಾರದಲ್ಲೇ ಆಗ್ಬೇಕು. ಅಲ್ಲೀವರೆಗೂ ಕೂಗೋದು ಬೇಡ."

ಅಲ್ಲೇ ಇದ್ದ ಮಾತಿನ ಚಿಕಿತ್ಸೆಯವಳು ಇನ್ನೊಂದು ವಿಷಯ ಹೇಳಿದಳು. ಈಗಿರುವ ದನಿಯಲ್ಲಿ ಕೆಲವು ನೂರು ವಾಕ್ಯ ಓದಿ ಮುದ್ರಿಸಿಟ್ಟರೆ, ಅದರಿಂದ ಒಂದು ಕಂಪನಿಯವರು ಹೊಸ ದನಿ ತಯಾರು ಮಾಡುತ್ತಾರೆ. ಆಮೇಲೆ ಕೈಯಲ್ಲಿರುವ ಟ್ಯಾಬ್‌ನಲ್ಲಿ ಬರೆದದ್ದನ್ನು ಅದು ಓದಿ ಹೇಳುತ್ತದೆ. ಮುದ್ರಣ ಮಾತ್ರ ಶುದ್ಧವಾಗಿರಬೇಕು, ಹಿಂದೆ ಯಾವ ಸದ್ದೂ ಇರಬಾರದು.

ಮನೆಗೆ ಬಂದವಳೇ ಜೋನ್ಯಾ ನೆಲಮಾಳಿಗೆಗೆ ಇಳಿದಳು. ಮೆಟ್ಟಿಲಿನ ಪಕ್ಕ, ಉಪ್ಪಿನಕಾಯಿ ಹಾಕಿದ ಬೀಟ್‌ರೂಟ್ ಜಾಡಿಗಳ ಹಿಂದೆ, ಚಳಿಗಾಲದ ಕೋಟುಗಳನ್ನು ನೇತುಹಾಕುವ ಒಂದು ಸಣ್ಣ ಕೋಣೆಯಿತ್ತು. ಕೋಟುಗಳ ನಡುವೆ ಸ್ಟೂಲು ಹಾಕಿ ಮೈಕು ನಿಲ್ಲಿಸಿದಳು. ಮನೆಯ ಹಳೆ ಕಂಪ್ಯೂಟರನ್ನು ಹೊರಗಿಟ್ಟು ಉದ್ದದ ವೈರು ಎಳೆದಳು. ಓದುವ ಮುಂಚೆ ಮನೆ ಕಾಯಿಸುವ ಫರ್ನೇಸ್ ಆರಿಸುವಳು, ಫ್ರಿಜ್ಜಿನ ಪ್ಲಗ್ ಕೀಳುವಳು, ಕೋಟು ಹಾಕಿಕೊಂಡು ಕೂರುವಳು. ಕೊಟ್ಟ ಹಾಳೆಗಳಲ್ಲಿದ್ದ ವಾಕ್ಯಗಳು ಅವಳಿಗೆ ಹಿಡಿಸಲಿಲ್ಲ. "ನನ್ನ ಸೋದರತ್ತೆಗೆ ಹಳದಿ ಛತ್ರಿ ಇಷ್ಟ" ಎಂದು ತಾನು ಯಾವ ಜನ್ಮದಲ್ಲಿ ಹೇಳುತ್ತೇನೆ ಎಂದು ಗೊಣಗಿಕೊಂಡೇ ಓದಿದಳು. ದಿನದ ಪಾಲು ಓದಿದ ಮೇಲೆ, ಕಂಪನಿಗಲ್ಲ, ತನಗಾಗಿ, ಹರಾಜಿನ ಕೂಗನ್ನೂ ಸ್ವಲ್ಪ ಮುದ್ರಿಸಿಡುತ್ತಿದ್ದಳು. ಮೆಲ್ಲಗೆ ಕೂಗಿದರೆ ಕೂಗಿದಂತಲ್ಲ ಎಂದು ಅವಳ ವಾದ.

ಮುದ್ರಿಸಿದ್ದನ್ನು ಕೇಳಿದರೆ ದನಿಯ ಅಡಿಯಲ್ಲಿ ಏನೋ ಗುಂಯ್ ಎನ್ನುತ್ತಿತ್ತು. ನಡುನಡುವೆ ಕರಕರ. ಕಂಪ್ಯೂಟರಿನ ಹೊಟ್ಟೆಯೊಳಗಿಂದಲೇ ಬರುತ್ತಿದ್ದ ಸದ್ದು ಅದು. ಅದರ ಮೇಲೆ ರಜಾಯಿ ಹೊದಿಸಿ ನೋಡಿದಳು, ಬಿಸಿಯಾಯಿತೇ ಹೊರತು ಸುಮ್ಮನಾಗಲಿಲ್ಲ. ಒಂದು ಮಧ್ಯಾಹ್ನ ಓದುತ್ತಿರುವಾಗಲೇ ಟಕ್, ಟಕ್, ಟಕ್ ಎಂದು ಬಡಿದುಕೊಳ್ಳತೊಡಗಿ, ಪರದೆ ಹಾಗೆಯೇ ನಿಂತುಬಿಟ್ಟಿತು.

ಓರೆಸ್ಟ್ ಬಂದಾಗ ಅಕ್ಕ ಕೋಟು ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಅವನ ಕೈಯಲ್ಲಿ ಹೆಂಡತಿ ಲೆಸ್ಯಾ ಮಾಡಿದ ಹೊಲುಪ್ಚಿಯ ಪಾತ್ರೆ, ಅನ್ನ ಸುತ್ತಿ ಬೇಯಿಸಿದ ಎಲೆಕೋಸಿನ ಘಮ.

"ಏನೇ ಅಕ್ಕ, ಮನೆಯೊಳಗೆ ಹೆಪ್ಪುಗಟ್ಟೋ ಆಸೆನಾ?"

"ಇದು ಸತ್ತಿತು ಕಣೋ."

"ಹಳೇ ಡಬ್ಬ, ಸಾಯ್ಲಿ ಬಿಡು. ಹೊಸಾ ಕಂಪ್ಯೂಟರ್ ತಗೊ. ಇಲ್ಲಾ ಫೋನ್‌ನಲ್ಲೇ ಮಾತಾಡು, ಎಲ್ಲರೂ ಹಾಗೇ ತಾನೇ ಮಾಡೋದು?"

"ಫೋನಲ್ಲೂ ನೋಡ್ದೆ. ಬಕೆಟ್ ಒಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತೆ. ಹೊಸದು ತಂದ್ರೆ ಇದರೊಳಗೆ ಇರೋದನ್ನ ಯಾರು ತಂದುಕೊಡ್ತಾರೆ, ನಿಮ್ಮಪ್ಪನಾ?"

"ನಮ್ಮಪ್ಪ ನಿಮ್ಮಪ್ಪಾನೂ ಹೌದು."

"ಅದಕ್ಕೇ ಹೇಳ್ತಿರೋದು. ಅವನಿದ್ದಿದ್ರೆ ಇಷ್ಟು ಹೊತ್ತಿಗೆ ಗಾಡಿ ತೆಗೀತಿದ್ದ. ಏಳು."

ರೋಡೆಲ್‌ನ ಕಂಪ್ಯೂಟರ್ ರಿಪೇರಿ ಅಂಗಡಿ ಪೇಟೆಬೀದಿಯಲ್ಲಿ ಬೇಕರಿಯ ಪಕ್ಕ. ಫಿಲಿಪೀನ್ಸ್‌ನಿಂದ ಬಂದು ಇಪ್ಪತ್ತು ಚಳಿಗಾಲ ಕಂಡಿದ್ದರೂ ಅಂಗಡಿಯೊಳಗೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಅವನು ಕಂಪ್ಯೂಟರ್ ಬಿಚ್ಚಿ, ಕಿವಿಗೊಟ್ಟು, ಕೂಡಲೇ ಆರಿಸಿದ.

"ಮೇಡಂ, ಇದನ್ನ ಮತ್ತೆ ಹಾಕಲೇಬೇಡಿ. ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಪ್ರತಿ ಸಲ ಹಾಕಿದಾಗ್ಲೂ ಒಳಗಿರೋದು ಇನ್ನಷ್ಟು ಹಾಳಾಗುತ್ತೆ. ಹೊಸದು ಹಾಕಿ, ಇದರಿಂದ ಎಷ್ಟು ಬರುತ್ತೋ ಅಷ್ಟು ಎತ್ತಿಕೊಡ್ತೀನಿ." ಒಂದು ದಪ್ಪ ಡಬ್ಬಿ ಮುಂದಿಟ್ಟ. "ಇದನ್ನ ತಗೊಳ್ಳಿ. ನಾಲ್ಕು ಟಿಬಿ. ಒಂದು ಜೀವಮಾನದ ಫೋಟೋ, ಸಿನಿಮಾ ಎಲ್ಲಾ ಹಿಡಿಸುತ್ತೆ."

"ನನ್ನ ಜೀವಮಾನದ ಫೋಟೋ ಒಂದು ಬಿಸ್ಕತ್ತಿನ ಡಬ್ಬೀಲಿ ಹಿಡಿಸಿವೆ. ಮಾತು ಎಷ್ಟು ಹಿಡಿಸುತ್ತೆ, ಅದು ಹೇಳು."

"ಎಷ್ಟು ಮಾತಾಡ್ತೀರಾ?" ಎಂದು ನಕ್ಕ ರೋಡೆಲ್.

"ಇಷ್ಟು ವರ್ಷ ಮಾತಾಡಿದೀನಿ. ಇನ್ನು ಹದಿನೈದು ದಿವಸ ಉಳಿದಿದೆ. ಆಮೇಲೆ ಗಂಟಲು ಕೊಯ್ದು ಪೆಟ್ಟಿಗೆ ತೆಗೀತಾರೆ."

ರೋಡೆಲ್‌ನ ನಗು ಹಾಗೇ ಇಳಿಯಿತು. ಅವನು ಡಬ್ಬಿಯನ್ನು ಹಿಂದಕ್ಕೆ ಸರಿಸಿ, ಒಂದು ಕುರ್ಚಿ ತಂದು ಹಾಕಿದ. ಮುದ್ರಿಸುವುದು ಎಲ್ಲಿ, ಹೇಗೆ, ಕಂಪ್ಯೂಟರು ಎಷ್ಟು ದೂರ ಎಂದು ಒಂದೊಂದಾಗಿ ಕೇಳಿದ. ಜೋನ್ಯಾ ಕೋಟುಗಳ ಕೋಣೆಯ ಕತೆ, ಗುಂಯ್ ಎನ್ನುವ ಸದ್ದಿನ ಕತೆ ಎಲ್ಲಾ ಹೇಳಿದಳು. ಓರೆಸ್ಟ್ ಬಾಗಿಲ ಬಳಿ ನಿಂತು ಬೂಟಿನಿಂದ ಬೂಟು ಉಜ್ಜುತ್ತಿದ್ದ.

ರೋಡೆಲ್ ಎರಡು ಡ್ರೈವುಗಳನ್ನು ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದ. ಒಂದು ಇಟ್ಟಿಗೆಯ ತುಂಡಿನಂತೆ ಭಾರ. ಇನ್ನೊಂದು ಅಂಗೈಯಗಲ, ತೆಳ್ಳಗೆ, ಎತ್ತಿದರೆ ಖಾಲಿ ಡಬ್ಬಿಯ ಹಾಗೆ ಹಗುರ. "ಕಿವಿ ಇಟ್ಟು ನೋಡಿ" ಎಂದ.

ಜೋನ್ಯಾ ಬಗ್ಗಿ, ಹೋರಿಯ ಎದೆಗೆ ಕಿವಿಗೊಡುವ ಹಾಗೆ ಭಾರದ್ದಕ್ಕೆ ಕಿವಿಯಿಟ್ಟಳು. ಒಳಗೆ ತಟ್ಟೆ ತಿರುಗುವುದು ಕೇಳಿಸಿತು. ಅದೇ ಗುಂಯ್. ಹಗುರದ್ದಕ್ಕೆ ಕಿವಿಯಿಟ್ಟಳು. ಏನೂ ಇಲ್ಲ. ಮತ್ತೊಮ್ಮೆ ಇಟ್ಟಳು.

"ಇದು ಆನ್ ಆಗಿದೆಯಾ?"

"ಆಗಿದೆ ಮೇಡಂ. ಇದರಲ್ಲಿ ತಿರುಗೋದು ಏನೂ ಇಲ್ಲ. ಕೆಳಗೆ ಬಿದ್ರೂ ಅಷ್ಟು ಸುಲಭಕ್ಕೆ ಕೆಡಲ್ಲ. ಓಡೋದೂ ಜೋರು. ಆದ್ರೆ ಅದೇ ಬೆಲೆಗೆ ಜಾಗ ಕಮ್ಮಿ."

"ದೊಡ್ಡ ಹೋರಿ ನೋಡಿ ಕೊಂಡವನು ಹುಲ್ಲು ಹಾಕೀ ಹಾಕೀ ಸತ್ತ. ಜಾಗ ಬಿಡು. ಇದರ ಕುಂಟು ಏನು?"

"ಏನಂದ್ರಿ?"

"ಕುಂಟಿಲ್ಲದ ದನ ನಮ್ಮ ಕಟ್ಟೆಗೆ ಬಂದೇ ಇಲ್ಲ. ಇದರ ದೋಷ ಏನು, ಹೇಳು."

ರೋಡೆಲ್ ಟೋಪಿಯನ್ನು ಹಿಂದಕ್ಕೆ ತಳ್ಳಿ ಯೋಚಿಸಿದ. "ಇದೂ ಸವೆಯುತ್ತೆ, ಬರೀತಾ ಬರೀತಾ. ಹೋಗೋದಾದ್ರೆ ಸದ್ದಿಲ್ಲದೆ ಹೋಗಿಬಿಡಬಹುದು. ನಿಮ್ಮ ಹಳೇದು ಟಕ್‌ಟಕ್ ಅಂತ ಎಚ್ಚರಿಸಿತು ನೋಡಿ, ಇದು ಹಾಗೆ ಎಚ್ಚರಿಸುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಹೋದಮೇಲೆ ಒಳಗಿರೋದನ್ನ ತೆಗೆಯೋದೂ ಕಷ್ಟ."

ದೋಷ ಮುಚ್ಚಿಡದೆ ಹೇಳಿದವನ ಮಾತಿನ ಮೇಲೆ ಜೋನ್ಯಾಳಿಗೆ ನಂಬಿಕೆ ಬಂತು. ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿದಳು.

"ಸದ್ದಿಲ್ಲದ್ದನ್ನ ಕಂಪ್ಯೂಟರ್ ಒಳಗೆ ಹಾಕು" ಎಂದಳು ಕೊನೆಗೆ. "ತಿರುಗೋದ್ರಲ್ಲಿ ಒಂದು ಚಿಕ್ಕದು ಬೇರೆ ಕೊಡು. ಸಂಜೆ ಸಂಜೆ ಅವತ್ತಿಂದು ಅದಕ್ಕೂ ನಕಲು ಮಾಡಿ ನನ್ನ ತಮ್ಮನ ಮನೇಲಿ ಇಡ್ತೀನಿ. ನನ್ನ ಮನೆ ಸುಟ್ಟುಹೋದ್ರೂ ಇವನ ಮನೇಲಿ ನನ್ನ ಬಾಯಿ ಇರುತ್ತೆ."

"ಅಯ್ಯೋ ದೇವರೇ" ಎಂದ ಓರೆಸ್ಟ್. "ಅದೊಂದು ಜಾಗ ನೆಮ್ಮದಿಯಾಗಿತ್ತು."

ಹೊಸ ಡ್ರೈವ್ ಹಾಕಿದ ಕಂಪ್ಯೂಟರನ್ನು ಅವತ್ತೇ ಕೊಟ್ಟು ಕಳಿಸಿ, ಹಳೆಯ ಡಿಸ್ಕನ್ನು ಇಟ್ಟುಕೊಂಡಿದ್ದ ರೋಡೆಲ್ ಎರಡು ದಿನ ಬಿಟ್ಟು ಫೋನ್ ಮಾಡಿದ. ಹಳೆಯದರಿಂದ ಹಾಳೆಯ ವಾಕ್ಯಗಳು ಹೆಚ್ಚುಕಡಿಮೆ ಎಲ್ಲಾ ಬಂದಿದ್ದವು. ಹರಾಜಿನ ಕೂಗು ಒಂದೂ ಬಂದಿರಲಿಲ್ಲ. ಅವನು ಮೂರು ಸಲ ಪ್ರಯತ್ನ ಮಾಡಿದ್ದ, ನಾಲ್ಕನೆಯ ಸಲಕ್ಕೆ ಡ್ರೈವ್ ಪೂರ್ತಿ ನಿಂತೇಹೋಯಿತು. ಫೋನಿನಲ್ಲಿ ಅವನ ದನಿಯೇ ಒಡೆದಂತಿತ್ತು.

ಜೋನ್ಯಾ ಫೋನ್ ಇಟ್ಟು ಅಡುಗೆಮನೆಯ ಕಿಟಕಿಯ ಬಳಿ ನಿಂತಳು. ಹೊರಗೆ ಮೊದಲ ಹಿಮ ಉದುರುತ್ತಿತ್ತು. ಅಷ್ಟು ಹೊತ್ತಿಗೆ ಅವಳ ದನಿ ಇನ್ನಷ್ಟು ಕೆಟ್ಟು, ಬೆಳಿಗ್ಗೆ ಎದ್ದರೆ ಒಂದು ಗಂಟೆ ಮಾತೇ ಹೊರಡುತ್ತಿರಲಿಲ್ಲ. ಅವಳು ಅಳುವ ಹೆಂಗಸಲ್ಲ. ಆದರೆ ಅವತ್ತು ಟೀ ಆರಿದ್ದು ಗೊತ್ತಾಗಲಿಲ್ಲ. ಆಮೇಲೆ ಕಪ್ಪನ್ನು ತೊಳೆದಿಟ್ಟು ನೆಲಮಾಳಿಗೆಗೆ ಇಳಿದು, ಹೊಸ ಡ್ರೈವ್ ಹಾಕಿದ ಕಂಪ್ಯೂಟರಿನ ಮುಂದೆ ಕೂತಳು. ಉಳಿದ ವಾಕ್ಯಗಳನ್ನು ಓದಿ ಮುಗಿಸಿದಳು. ಹಿಂದೆ ಯಾವ ಸದ್ದೂ ಇರಲಿಲ್ಲ. ಕೂಗಲು ಹೊರಟಾಗ ಮಾತ್ರ ಬಾಯಿ ಬರಲಿಲ್ಲ. ಎದುರಿಗೆ ಬರೀ ಕೋಟುಗಳು. ಕೋಟುಗಳು ಬೆಲೆ ಕೇಳುವುದಿಲ್ಲ.

ಮರುದಿನ ತಮ್ಮನಿಗೆ ಹೇಳಿದಳು. "ಭಾನುವಾರ ಚರ್ಚ್ ಮುಗಿದಮೇಲೆ ಲೆಸ್ಯಾನ ಕರ್ಕೊಂಡು ಬಾ. ದಪ್ಪ ಕೋಟು ಹಾಕ್ಕೊಂಡು ಬನ್ನಿ. ಹರಾಜಿದೆ."

"ಕೂಗಬಾರದು ಅಂದಿದಾರೆ ಡಾಕ್ಟ್ರು."

"ಹೇಗಿದ್ರೂ ಕಿತ್ತು ಬಿಸಾಕೋ ಪೆಟ್ಟಿಗೆ. ಕಾದಿಟ್ಟು ಯಾರಿಗೆ ಕೊಡ್ಲಿ?" ಎಂದಳು. ಹಾಗೆಂದರೂ ಆಸ್ಪತ್ರೆಗೆ ಫೋನ್ ಮಾಡಿಯೇ ಕೇಳಿದಳು. ಒಂದೇ ಒಂದು ಸಲ, ಸ್ವಲ್ಪ ಹೊತ್ತು, ಉಸಿರು ಸಿಕ್ಕಿಕೊಂಡರೆ ಆ ಕ್ಷಣ ನಿಲ್ಲಿಸಬೇಕು ಎಂದರು.

ಭಾನುವಾರ ಓರೆಸ್ಟ್, ಲೆಸ್ಯಾ, ರೋಡೆಲ್, ಹರಾಜು ಕಟ್ಟೆಯ ಇಬ್ಬರು ಹಳೆಯ ಗಿರಾಕಿಗಳು ನೆಲಮಾಳಿಗೆಯಲ್ಲಿ ಜಾಡಿಗಳ ನಡುವೆ ಕುಕ್ಕರಿಸಿ ಕೂತರು. ಫರ್ನೇಸ್ ಆರಿಸಿದ್ದರಿಂದ ಎಲ್ಲರ ಬಾಯಿಂದಲೂ ಹಬೆ. ಮೊದಲು ಬೀಟ್‌ರೂಟ್ ಜಾಡಿ ಹೋಯಿತು, ರೋಡೆಲ್ ಕೊಂಡ. ಆಮೇಲೆ ಜೋನ್ಯಾ ಎದ್ದು ನಿಂತು, ಎಡಗೈ ಸೊಂಟದ ಮೇಲಿಟ್ಟು, "ಹಿಮ ತಳ್ಳೋ ಯಂತ್ರ, ಒಬ್ಬನೇ ಯಜಮಾನ ಓಡಿಸಿದ್ದು, ಓರೆಸ್ಟ್ ಮನೆ ಕೊಟ್ಟಿಗೇಲಿ ನಿಂತಿದೆ!" ಎಂದಳು.

"ಅದು ನಂದು ಕಣೇ!"

"ಕೈ ಎತ್ತಿದ್ರೆ ನಿಂದು. ನೂರು, ನೂರು, ನೂರಾಯ್ತು, ನೂರ ಹತ್ತು ಯಾರು, ನೂರ ಹತ್ತು, ಅಲ್ಲಿ ಬಂತು, ಇಪ್ಪತ್ತು ಯಾರು, ಇಪ್ಪತ್ತು, ಇಪ್ಪತ್ತು, ಏನು ಸ್ವಾಮಿ ನಿದ್ದೆನಾ, ಇಪ್ಪತ್ತು..."

ಕೂಗು ಏರಿತು. ಗೊಗ್ಗರು ದನಿಯೇ, ಆದರೂ ಓಟ ಅದೇ. ಗಿರಾಕಿಗಳಿಬ್ಬರೂ ಕಟ್ಟೆಯ ಅಭ್ಯಾಸದಂತೆ ಕಣ್ಣುಮಿಟುಕಿಸಿ, ಟೋಪಿಯ ಅಂಚು ಮುಟ್ಟಿ ಬೆಲೆ ಏರಿಸಿದರು. ನಡುವೆ ಒಮ್ಮೆ ದನಿ ಕಡಿಯಿತು. ಜೋನ್ಯಾ ನೀರು ಕುಡಿದು, ಬೆರಳೆತ್ತಿ "ಇರಿ" ಎಂದು ಸನ್ನೆ ಮಾಡಿ, ನಿಲ್ಲಿಸಿದಲ್ಲಿಂದಲೇ ಮತ್ತೆ ಹಿಡಿದಳು. ನಾಲ್ಕು ಜನರ ಮುಂದೆ ಎಂದೂ ಕೈ ಎತ್ತದ ಓರೆಸ್ಟ್ ತನ್ನದೇ ಯಂತ್ರಕ್ಕಾಗಿ ಮತ್ತೆ ಮತ್ತೆ ಕೈ ಎತ್ತಿದ, ಲೆಸ್ಯಾ ಅವನ ತೋಳು ಎಳೆದರೂ ಬಿಡಲಿಲ್ಲ. ಬೆಲೆ ಹೊಸ ಯಂತ್ರದ್ದನ್ನೂ ದಾಟಿತು. ಕೂಗು ನಿಲ್ಲಬಾರದೆಂದು ಅವನು ಏರಿಸುತ್ತಿದ್ದ. ಅದು ಜೋನ್ಯಾಳಿಗೂ ಗೊತ್ತಾಯಿತು.

"ಒಂದು ಸಲ" ಎಂದಳು, ಅವನನ್ನೇ ನೋಡುತ್ತಾ. "ಎರಡು ಸಲ." ಸ್ವಲ್ಪ ತಡೆದು, ಅಂಗೈ ತಟ್ಟಿ, "ಕೊಟ್ಟಾಯ್ತು!"

ಮುದ್ರಣ ಚೆನ್ನಾಗಿ ಬಂದಿತ್ತು. ಓರೆಸ್ಟ್‌ನ ತಕರಾರು, ಲೆಸ್ಯಾಳ ಒಂದು ಕೆಮ್ಮು ಬಿಟ್ಟರೆ ಬೇರೇನೂ ಸೇರಿರಲಿಲ್ಲ. ಕೆಮ್ಮನ್ನು ತೆಗೆಯಲಾ ಎಂದು ರೋಡೆಲ್ ಕೇಳಿದ್ದಕ್ಕೆ, ಹರಾಜು ಅಂದಮೇಲೆ ಕೆಮ್ಮುವವರಿರಬೇಕು, ಇರಲಿ ಎಂದಳು.

ಆಪರೇಷನ್ ನವೆಂಬರ್ ಮೊದಲ ವಾರ ಆಯಿತು. ಕೊರಳಲ್ಲಿ ಉಸಿರಾಟಕ್ಕೊಂದು ತೂತು, ಮೂಗಿನಲ್ಲಿ ಊಟದ ನಳಿಗೆ. ಡಿಸೆಂಬರ್ ಪೂರ್ತಿ ಜೋನ್ಯಾ ಸ್ಲೇಟಿನ ಮೇಲೆ ಬರೆದು ಜಗಳವಾಡಿದಳು. ಕಂಪನಿಯಿಂದ ಹೊಸ ದನಿ ಬಂದಾಗ ಮೊದಲ ಸಲ ಕೇಳಿ ಅವಳಿಗೆ ಹಿಡಿಸಲಿಲ್ಲ. ತನ್ನದೇ ದನಿಗೆ ಇಸ್ತ್ರಿ ಹಾಕಿದಂತಿತ್ತು, ಸುಕ್ಕೇ ಇಲ್ಲ. "ಇವಳು ನನಗಿಂತ ಒಳ್ಳೆಯವಳು" ಎಂದು ಟ್ಯಾಬ್‌ನಲ್ಲಿ ಬರೆದಳು. ಅದು ಅವಳ ದನಿಯಲ್ಲೇ ಅದನ್ನು ಓದಿ ಹೇಳಿತು. ಓರೆಸ್ಟ್ ನಕ್ಕು, ನಗು ನಿಲ್ಲಿಸಲಾಗದೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಜನವರಿ ಕೊನೆಯಲ್ಲಿ ಅವಳು ಹರಾಜು ಕಟ್ಟೆಗೆ ಹೋದಳು. ಹೊರಗೆ ಮೈನಸ್ ಮೂವತ್ತು, ಒಳಗೆ ಸಗಣಿ ಮತ್ತು ಕಾಫಿಯ ವಾಸನೆ. ಮೇಲೆ ಹೊಸಬನೊಬ್ಬ ಕೂಗುತ್ತಿದ್ದ, ದನಿ ಒಳ್ಳೆಯದೇ, ಆದರೆ ಆತುರ. ಮೂರು ಕರುಗಳು ಅಗ್ಗಕ್ಕೆ ಹೋಗುವುದನ್ನು ಜೋನ್ಯಾ ನೋಡಿದಳು. ನಾಲ್ಕನೆಯದು ಬಂದಾಗ ಕೈಗವಸು ಕಳಚಿ, ಟ್ಯಾಬ್ ತೆಗೆದು, ಬೆರಳು ಬಿಸಿ ಮಾಡಿಕೊಂಡು ಬರೆದಳು. ದನಿಯನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದಳು.

"ನಿಧಾನ ಮಾಡೋ. ಆ ಮೂಲೆಯವನು ಇನ್ನೂ ಲೆಕ್ಕ ಹಾಕ್ತಾ ಇದಾನೆ."

ಕಟ್ಟೆಯ ಜನವೆಲ್ಲ ಒಮ್ಮೆಲೇ ತಿರುಗಿ ನೋಡಿತು. ಹೊಸಬ ಬಾಯಿ ತೆರೆದವನು ಹಾಗೇ ನಿಂತ. ಮೂಲೆಯಲ್ಲಿದ್ದ ರೈತ ಕೆಂಪಗಾಗಿ, ಟೋಪಿ ಸರಿಮಾಡಿಕೊಂಡು, ಕೈ ಎತ್ತಿದ. ಜೋನ್ಯಾ ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಕರುವಿನ ಕಾಲು ನೋಡತೊಡಗಿದಳು.